ಬೀದಿಯ ಗೋಡೆ, ಮನೆಯ ಗೋಡೆ: ಬಾತ್ ನಗರದ ಸಾಲುಮನೆಗಳು

ಪ್ರಶ್ನೆ: ನಾನು ಧಾರವಾಡದವಳು. ಎರಡು ವರ್ಷಗಳಿಂದ ಇಂಗ್ಲೆಂಡಿನ ಬಾತ್ ನಗರದಲ್ಲಿ, 1770ರ ಸುಮಾರಿಗೆ ಕಟ್ಟಿದ ಸಾಲುಮನೆಯೊಂದರ ನೆಲಮಾಳಿಗೆಯಲ್ಲಿ ಬಾಡಿಗೆಗೆ ಇದ್ದೇವೆ. ಸಾಲಿನಲ್ಲಿ ನಮ್ಮದೇ ಕೊನೆಯ ಮನೆ. ಬೀದಿಯಿಂದ ನೋಡಿದರೆ ಇಡೀ ಸಾಲು ಒಂದೇ ಅರಮನೆಯಂತೆ ಕಾಣುತ್ತದೆ. ಹಿತ್ತಿಲ ಕಡೆಯಿಂದ ನೋಡಿದರೆ ಒಂದು ಮನೆಗೂ ಇನ್ನೊಂದಕ್ಕೂ ಹೊಂದಿಕೆಯೇ ಇಲ್ಲ. ಏಕೆ ಹೀಗೆ? ನಮ್ಮ ಪಕ್ಕದ ಗೋಡೆಯಲ್ಲಿ ಕಲ್ಲಿನಿಂದ ಮುಚ್ಚಿದ ಎರಡು ಕಿಟಕಿಗಳಿವೆ. ಕಿಟಕಿ ತೆರಿಗೆ ತಪ್ಪಿಸಿಕೊಳ್ಳಲು ಮುಚ್ಚಿದ್ದು ಎಂದು ಎಲ್ಲರೂ ಹೇಳುತ್ತಾರೆ, ನಿಜವೇ? ಕೊನೆಯದಾಗಿ, ಚಳಿಗಾಲದಲ್ಲಿ ನಮ್ಮ ಗೋಡೆಗಳು ತೇವದಿಂದ ಕಪ್ಪಾಗುತ್ತವೆ. ತೇವ ತಡೆಯುವ ಬಣ್ಣ ಬಳಿಸಿಕೊಡುತ್ತೇನೆ ಎಂದು ಮಾಲೀಕರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಕೊನೆಯ ಪ್ರಶ್ನೆಯೇ ಅವಸರದ್ದು, ಆದ್ದರಿಂದ ಮೊದಲು ಅದಕ್ಕೆ ಹೇಳಿಬಿಡುತ್ತೇನೆ: ಈಗಲೇ ಒಪ್ಪಬೇಡಿ. ಬಣ್ಣದ ಡಬ್ಬಿ ತೆರೆಯುವ ಮೊದಲು ಆ ಗೋಡೆ ಹೇಗೆ ಕಟ್ಟಿದ್ದು, ನೀರು ಅದಕ್ಕೆ ಎಲ್ಲಿಂದ ಬರುತ್ತಿದೆ ಎಂಬುದು ಮಾಲೀಕರಿಗೂ ನಿಮಗೂ ತಿಳಿದಿರಬೇಕು. ಅದನ್ನು ತಿಳಿಯಲು ಹೊರಟರೆ ಉಳಿದ ಎರಡು ಪ್ರಶ್ನೆಗಳಿಗೂ ದಾರಿಯಲ್ಲೇ ಉತ್ತರ ಸಿಗುತ್ತದೆ.

ಬಾತ್‌ನ ಸಾಲುಮನೆಯಲ್ಲಿ ಮುಂದಿನ ಗೋಡೆ ಬೀದಿಗೆ ಸೇರಿದ್ದು, ಹಿಂದಿನ ಗೋಡೆ ಮನೆಗೆ ಸೇರಿದ್ದು. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಆ ಮನೆಗಳು ಹುಟ್ಟಿದ್ದೇ ಹೀಗೆ ಬರೆದುಕೊಂಡ ಕರಾರಿನಿಂದ.

1700ರಲ್ಲಿ ಬಾತ್ ಎಂದರೆ ಕೋಟೆಗೋಡೆಯೊಳಗಿನ ಸಣ್ಣ ಊರು. ಎರಡು ಮೂರು ಸಾವಿರ ಜನ, ಉಣ್ಣೆ ಬಟ್ಟೆಯ ಹಳೆಯ ವ್ಯಾಪಾರ, ರೋಮನ್ನರ ಕಾಲದಿಂದ ಹೆಸರಾದ ಬಿಸಿನೀರಿನ ಬುಗ್ಗೆಗಳು. ರಾಣಿ ಆ್ಯನ್ 1702 ಮತ್ತು 1703ರಲ್ಲಿ ಇಲ್ಲಿಗೆ ಸ್ನಾನಕ್ಕೆ ಬಂದುಹೋದ ಮೇಲೆ ಲಂಡನ್ನಿನ ಶ್ರೀಮಂತರೂ ಬರತೊಡಗಿದರು. ರೋಗಕ್ಕೆ ನೀರು ಒಂದು ನೆಪ. ಬಂದವರಿಗೆ ಇಸ್ಪೀಟು, ನೃತ್ಯ, ಮಕ್ಕಳ ಸಂಬಂಧ ಕುದುರಿಸುವುದು ಎಲ್ಲವೂ ಇಲ್ಲಿಯೇ ಆಗುತ್ತಿತ್ತು. ಆದರೆ ಉಳಿದುಕೊಳ್ಳಲು ಸರಿಯಾದ ಮನೆಗಳಿರಲಿಲ್ಲ. ಆಗಿನ ಬಾಡಿಗೆ ಕೋಣೆಗಳ ನೆಲಕ್ಕೆ ಕೊಳೆ ಕಾಣದಿರಲೆಂದು ಮಸಿ ಮತ್ತು ತೆಳು ಬಿಯರ್ ಬೆರೆಸಿ ಕಂದು ಬಣ್ಣ ಬಳಿಯುತ್ತಿದ್ದರು ಎಂದು ವಾಸ್ತುಶಿಲ್ಪಿ ಜಾನ್ ವುಡ್ ಸ್ವತಃ ಬರೆದಿಟ್ಟಿದ್ದಾನೆ. ಒಂದು ಶತಮಾನ ಕಳೆಯುವಷ್ಟರಲ್ಲಿ, 1801ರ ಜನಗಣತಿಯ ಹೊತ್ತಿಗೆ, ಊರಿನ ಜನಸಂಖ್ಯೆ ಮೂವತ್ತು ಸಾವಿರ ದಾಟಿತ್ತು. ನೀವು ಇಂದು ನೋಡುವ ಬಾತ್‌ನ ಬಹುಪಾಲು ಆ ನೂರು ವರ್ಷಗಳಲ್ಲಿ, ಅದರಲ್ಲೂ 1728ರಿಂದ 1793ರ ನಡುವೆ ಎದ್ದು ನಿಂತದ್ದು.

ಜಾನ್ ವುಡ್ 1704ರಲ್ಲಿ ಹುಟ್ಟಿದವನು, ಇದೇ ಊರಿನವನು. ಊರನ್ನು ಹೊಸದಾಗಿ ಕಟ್ಟುವ ದೊಡ್ಡ ನಕ್ಷೆ ಅವನ ತಲೆಯಲ್ಲಿತ್ತು. ಪುರಸಭೆ ಕೈಹಿಡಿಯಲಿಲ್ಲ. ಆಗ ಅವನು ಕೋಟೆಯ ಹೊರಗೆ ಜಮೀನಿದ್ದ ರಾಬರ್ಟ್ ಗೇ ಎಂಬ ಶಸ್ತ್ರವೈದ್ಯನಿಂದ ನೆಲವನ್ನು 99 ವರ್ಷಗಳ ಗುತ್ತಿಗೆಗೆ ಪಡೆದ. ಇಂದಿನ ಗೇ ಸ್ಟ್ರೀಟ್ ಆ ವೈದ್ಯನ ಹೆಸರಿನದು. ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದಿ, ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇದರಲ್ಲಿದೆ. ವುಡ್ ತಾನಾಗಿ ಮನೆಗಳನ್ನು ಕಟ್ಟಲಿಲ್ಲ. ನೆಲವನ್ನು ನಿವೇಶನಗಳಾಗಿ ಸೀಳಿದ, ಇಡೀ ಸಾಲಿನ ಮುಂಭಾಗದ ನಕ್ಷೆ ಬರೆದ, ಒಂದೊಂದು ನಿವೇಶನವನ್ನೂ ಒಬ್ಬೊಬ್ಬ ಕಲ್ಲುಕೆಲಸದವನಿಗೋ ಬಡಗಿಗೋ ಸೀಸದ ಕೆಲಸದವನಿಗೋ ಒಳಗುತ್ತಿಗೆಗೆ ಕೊಟ್ಟ. ಕರಾರಿನ ತಿರುಳು ಇಷ್ಟು: ಬೀದಿಯ ಕಡೆಯ ಗೋಡೆ ನನ್ನ ನಕ್ಷೆಯಂತೆ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಏಳಬೇಕು, ಅದರ ಹಿಂದೆ ನಿನಗೂ ನಿನ್ನ ಗಿರಾಕಿಗೂ ಬೇಕಾದಂತೆ ಕಟ್ಟಿಕೋ.

ಕಟ್ಟುವವನ ಕೈಯಲ್ಲಿ ಹಣವಿರುತ್ತಿರಲಿಲ್ಲ. ಕಟ್ಟಡ ಏಳುವವರೆಗೆ ನೆಲಬಾಡಿಗೆ ಹೆಸರಿಗಷ್ಟೇ ಇರುತ್ತಿತ್ತು. ಅಷ್ಟರೊಳಗೆ ಅವನು ಗೋಡೆ ಎಬ್ಬಿಸಿ ಚಾವಣಿ ಹೊದಿಸಿ, ಆ ಬರಿಯ ಚಿಪ್ಪನ್ನು ತೋರಿಸಿ ಗಿರಾಕಿಯನ್ನು ಹಿಡಿಯಬೇಕು. ಗಿರಾಕಿಯ ಮುಂಗಡದಲ್ಲಿ ಒಳಗಿನ ಕೆಲಸ. ಬಡಗಿ ಗಾರೆಯವನ ಮನೆಗೆ ಬಾಗಿಲು ಮಾಡಿಕೊಟ್ಟರೆ ಗಾರೆಯವನು ಬಡಗಿಯ ಮನೆಯ ಚಾವಣಿಗೆ ಗಾರೆ ಮೆತ್ತಿಕೊಡುತ್ತಿದ್ದ. ನಮ್ಮ ಹಳ್ಳಿಗಳಲ್ಲಿ ನಾಟಿ ಕಾಲದ ಮುಯ್ಯಾಳು ಪದ್ಧತಿ ಬಲ್ಲವರಿಗೆ ಇದು ಹೊಸದೇನಲ್ಲ. ಜಗತ್ತು ಇಂದು ಒಬ್ಬ ಮಹಾಶಿಲ್ಪಿಯ ಕೃತಿ ಎಂದು ಕೊಂಡಾಡುವ ಬೀದಿಗಳು ಇಂಥ ನೂರಾರು ಸಣ್ಣ ಕಸಬುದಾರರ ಸಾಲದ ಮೇಲೆ ನಿಂತಿವೆ. ಅವರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ನೆನೆಯುವುದಿಲ್ಲ. ನನಗೆ ಇದು ಬಹಳ ಕಾಲದಿಂದ ಕಾಡುವ ಸಂಗತಿ.

ಈ ಕರಾರಿನ ಮೊದಲ ದೊಡ್ಡ ಫಲ ಕ್ವೀನ್ ಸ್ಕ್ವೇರ್, 1728ರಲ್ಲಿ ಆರಂಭವಾಗಿ 1736ರಲ್ಲಿ ಮುಗಿದದ್ದು. ಅದರ ಉತ್ತರದ ಸಾಲನ್ನು ಒಮ್ಮೆ ಎದುರಿನ ಉದ್ಯಾನದಲ್ಲಿ ನಿಂತು ನೋಡಿ. ನಡುವೆ ತ್ರಿಕೋನದ ಮುಡಿ, ಎರಡು ತುದಿಗಳಲ್ಲಿ ಮುಂದೆ ಚಾಚಿದ ಭಾಗಗಳು, ಉದ್ದಕ್ಕೂ ಕಂಬಗಳು. ಒಬ್ಬ ದೊರೆಯ ಅರಮನೆ ಎಂದೇ ಅನ್ನಿಸುತ್ತದೆ. ಒಳಗಿರುವುದು ಏಳು ಮನೆಗಳು. ಎರಡು ವಾರಕ್ಕೆ ಕೋಣೆ ಹಿಡಿದ ಪಾದ್ರಿಯೂ ವ್ಯಾಪಾರಿಯೂ ತಾನೊಂದು ಅರಮನೆಯಲ್ಲಿ ಇಳಿದುಕೊಂಡಿದ್ದೇನೆ ಎಂದುಕೊಳ್ಳಬಹುದಾಗಿತ್ತು. ವುಡ್ ಮಾರಿದ್ದು ಈ ಭಾವವನ್ನೇ.

1754ರಲ್ಲಿ ಅವನು ಸರ್ಕಸ್ ಎಂಬ ವೃತ್ತಾಕಾರದ ಬೀದಿಗೆ ತಳಪಾಯ ಹಾಕಿದ, ಅದೇ ವರ್ಷ ತೀರಿಕೊಂಡ. ಮುಗಿಸಿದವನು ಅದೇ ಹೆಸರಿನ ಮಗ, ಕಿರಿಯ ಜಾನ್ ವುಡ್. ಮೂರು ಬಾಗಿದ ಸಾಲುಗಳಾಗಿ ನಿಂತ 33 ಮನೆಗಳು; ಯಾವ ಬೀದಿಯಿಂದ ಒಳಗೆ ಬಂದರೂ ಎದುರಿಗೆ ಒಂದು ಪೂರ್ತಿ ಸಾಲು ನಿಂತಿರುತ್ತದೆ. ಮೂರು ಅಂತಸ್ತುಗಳಲ್ಲಿ ಪ್ರಾಚೀನ ಗ್ರೀಕರ ಮೂರು ಕಂಬಶೈಲಿಗಳು: ಕೆಳಗೆ ಡೋರಿಕ್, ನಡುವೆ ಅಯೋನಿಕ್, ಮೇಲೆ ಕೊರಿಂಥಿಯನ್ ಜೋಡಿಕಂಬಗಳು. ಕೆಳಗಿನ ಕಂಬಗಳ ಮೇಲಿನ ಪಟ್ಟಿಯಲ್ಲಿ ಹಾವು, ವಾದ್ಯ, ನಾವಿಕರ ಉಪಕರಣ, ಕಸಬುದಾರರ ಸಲಕರಣೆ ಹೀಗೆ 525 ಕೆತ್ತನೆಗಳಿವೆ. ನಡುವಿನ ಮರಗಳು ಆಮೇಲೆ ಬಂದವು. ಮೊದಲು ಅಲ್ಲಿ ಕಲ್ಲು ಹಾಸಿದ ಬಯಲು ಮಾತ್ರ ಇತ್ತು. ಮರಗಳು ಚೆಂದವಾಗಿವೆ, ಆದರೆ ವುಡ್ ಬಯಸಿದ್ದ ಆ ಪೂರ್ಣ ವೃತ್ತದ ನೋಟವನ್ನು ಅವು ಮರೆಮಾಡಿವೆ ಎಂದೇ ನನ್ನ ಅಭಿಪ್ರಾಯ. ಎಲೆ ಉದುರಿದ ಜನವರಿಯಲ್ಲಿ ಒಮ್ಮೆ ಹೋಗಿ ನೋಡಿ.

ಕಿರಿಯ ವುಡ್‌ನ ರಾಯಲ್ ಕ್ರೆಸೆಂಟ್ 1767ರಿಂದ 1775ರ ನಡುವಿನದು: ಅರ್ಧಚಂದ್ರದಂತೆ ಬಾಗಿದ 30 ಮನೆಗಳು, 114 ಅಯೋನಿಕ್ ಕಂಬಗಳು, ಮುಂದೆ ಹುಲ್ಲುಗಾವಲು. ಹಿಂದಿಗೂ ಮುಂದಿಗೂ ಇರುವ ಅಂತರ ಇಲ್ಲಿ ಎಲ್ಲಕ್ಕಿಂತ ಎದ್ದು ಕಾಣುತ್ತದೆ. ಕೊಳ್ಳುವವರು ಇಷ್ಟು ಅಡಿ ಉದ್ದದ ಮುಂಭಾಗವನ್ನು ಕೊಂಡು, ಅದರ ಹಿಂದಿನ ಮನೆಯನ್ನು ತಮ್ಮದೇ ಶಿಲ್ಪಿಯಿಂದ ಕಟ್ಟಿಸಿಕೊಂಡರು. ಒಬ್ಬರಿಗೆ ಹಿಂದೆ ಬಾಗಿದ ದೊಡ್ಡ ಕೋಣೆ ಬೇಕಾಯಿತು, ಇನ್ನೊಬ್ಬರಿಗೆ ಹೆಚ್ಚು ಮಹಡಿ, ಮತ್ತೊಬ್ಬರಿಗೆ ಅಡುಗೆಮನೆಗೆ ಹೊರಚಾಚು. ಕಿಟಕಿಗಳು ಒಂದೊಂದು ಎತ್ತರದಲ್ಲಿ, ಚಾವಣಿಗಳು ಒಂದೊಂದು ಇಳಿಜಾರಿನಲ್ಲಿ. ಮುಂದಿನ ಗೋಡೆಗೆ ನಯವಾಗಿ ಕೊಯ್ದ ಕಲ್ಲು, ಹಿಂದಿನದಕ್ಕೆ ಹೆಚ್ಚಾಗಿ ಕಾಡುಗಲ್ಲು. ನಿಮ್ಮ ಹಿತ್ತಿಲಿನಲ್ಲಿ ಕಾಣುವುದು ಅದೇ ಪದ್ಧತಿಯ ಸಣ್ಣ ರೂಪ. ಅದನ್ನು ಅವ್ಯವಸ್ಥೆ ಎನ್ನಬೇಡಿ. ಎರಡೂವರೆ ಶತಮಾನಗಳ ಕಾಲ ಆ ಮನೆಗಳಲ್ಲಿ ಬದುಕಿದವರ ಅಗತ್ಯಗಳು ಕಲ್ಲಿನಲ್ಲಿ ಓದಲು ಸಿಗುವ ಜಾಗ ಅದು. ನನಗಂತೂ ಬಾತ್‌ನ ಹಿಂಭಾಗಗಳು ಮುಂಭಾಗಗಳಷ್ಟೇ ಪ್ರಿಯ.

ಮೇಲುಕೋಟೆಯ ಹಳೆಯ ಬೀದಿಗಳಲ್ಲಿ ನಡುಗೋಡೆ ಹಂಚಿಕೊಂಡ ಸಾಲುಮನೆಗಳನ್ನು ನೀವು ನೋಡಿರಬಹುದು. ಅಲ್ಲೂ ಅಗಲ ಕಡಿಮೆ, ಆಳ ಹೆಚ್ಚು. ಆದರೆ ಅಲ್ಲಿ ಜಗಲಿಗಳು ಒಂದರ ಪಕ್ಕ ಒಂದು ಹೊಂದಿಕೊಂಡದ್ದು ರೂಢಿಯಿಂದ, ಇಲ್ಲಿ ಮುಂಭಾಗಗಳು ಹೊಂದಿಕೊಂಡದ್ದು ಕರಾರಿನಿಂದ. ಇಲ್ಲಿ ಜಗಲಿಯೂ ಇಲ್ಲ, ನಡುವೆ ತೊಟ್ಟಿಯೂ ಇಲ್ಲ. ಬೆಳಕು ಮುಂದಿನಿಂದ ಮತ್ತು ಹಿಂದಿನಿಂದ ಮಾತ್ರ ಬರಬೇಕು.

ಆದ್ದರಿಂದಲೇ ಒಳಗಿನ ನಕ್ಷೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಪ್ರತಿ ಅಂತಸ್ತಿನಲ್ಲಿ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಒಂದು ಪಕ್ಕದಲ್ಲಿ ಮೆಟ್ಟಿಲು. ನೀವಿರುವ ನೆಲಮಾಳಿಗೆ ಅಡುಗೆಯವರ ಜಾಗ. ಅದರ ಮೇಲೆ ಊಟದ ಕೋಣೆ. ಮೊದಲ ಮಹಡಿಯಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ದೊಡ್ಡ ಕೋಣೆ. ಮನೆಯ ಅತಿ ಎತ್ತರದ ಕಿಟಕಿಗಳು ಅಲ್ಲಿಗೇ. ಅದರ ಮೇಲೆ ಮಲಗುವ ಕೋಣೆಗಳು, ಕಿಟಕಿಗಳು ಗಿಡ್ಡವಾಗುತ್ತಾ ಹೋಗುತ್ತವೆ. ಅಟ್ಟದಲ್ಲಿ ಆಳುಗಳು. ಬೀದಿಯಲ್ಲಿ ನಿಂತು ಕಿಟಕಿಯ ಎತ್ತರ ನೋಡಿದರೆ ಒಳಗೆ ಯಾರಿಗೆ ಎಷ್ಟು ಮರ್ಯಾದೆ ಸಲ್ಲುತ್ತಿತ್ತು ಎಂದು ಹೇಳಿಬಿಡಬಹುದು. ಇಷ್ಟು ಸರಳ, ಯಾರಿಗೂ ಒಗ್ಗುವ ನಕ್ಷೆಗೆ ಇನ್ನೊಂದು ಕಾರಣವೂ ಇದೆ. ಇವುಗಳಲ್ಲಿ ಬಹಳ ಮನೆಗಳು ಕಟ್ಟುವಾಗಲೇ ಋತುಮಾನದ ಬಾಡಿಗೆಗೆಂದು ಕಟ್ಟಿದವು. ಅಂತಸ್ತುಗಳನ್ನು, ಕೋಣೆಗಳನ್ನು ಬಿಡಿಬಿಡಿಯಾಗಿ ಕೊಡುತ್ತಿದ್ದರು. ಇಂದು ಆ ಮನೆ ನಾಲ್ಕೈದು ಫ್ಲ್ಯಾಟ್‌ಗಳಾಗಿರುವುದು ಅದರ ಹುಟ್ಟುಗುಣಕ್ಕೆ ದೂರವಾದದ್ದಲ್ಲ.

ಈ ಮನೆಗಳಿಗೆ ಸುರಿದ ಹಣ ಎಲ್ಲಿಂದ ಬಂತೆಂಬುದನ್ನೂ ಹೇಳಲೇಬೇಕು. ಪ್ಲಾಸಿ ಕದನದ ರಾಬರ್ಟ್ ಕ್ಲೈವ್ ಇದೇ ಸರ್ಕಸ್‌ನಲ್ಲಿ ಮನೆ ಮಾಡಿದ್ದ. ಬಂಗಾಳದಿಂದ ಹೋದ ಸಂಪತ್ತು, ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ಬೆವರಿನಿಂದ ಬಂದ ಸಕ್ಕರೆಯ ಲಾಭ, ಅದೇ ದ್ವೀಪಗಳ ಮಹಾಗನಿ ಮರ, ಇವೆಲ್ಲ ಈ ಕೋಣೆಗಳಲ್ಲಿ ಬಂದು ಕೂತಿವೆ. ಕಲ್ಲಿನ ಚೆಲುವನ್ನು ಮೆಚ್ಚುವಾಗ ನಾನು ಇದನ್ನು ಮರೆಯುವುದಿಲ್ಲ.

ಇನ್ನು ಕಲ್ಲು. ಜೇನಿನ ಬಣ್ಣದ ಈ ಸುಣ್ಣಕಲ್ಲು ಊರಿನ ದಕ್ಷಿಣಕ್ಕಿರುವ ಕೂಂಬ್ ಡೌನ್ ಗುಡ್ಡದ ಗಣಿಗಳಿಂದ ಬಂದದ್ದು. ಅಂಚೆ ವ್ಯವಸ್ಥೆಯ ಸುಧಾರಣೆಯಿಂದ ಹಣ ಮಾಡಿದ ರಾಲ್ಫ್ ಆ್ಯಲೆನ್ ಆ ಗಣಿಗಳನ್ನು ಕೊಂಡು, 1731ರ ಹೊತ್ತಿಗೆ ಗುಡ್ಡದಿಂದ ಏವನ್ ನದಿಯವರೆಗೆ ಮರದ ಹಳಿಗಳ ಮೇಲೆ ಬಂಡಿ ಓಡಿಸಿ ಕಲ್ಲು ಇಳಿಸಿದ. ಗಣಿಯಿಂದ ತೆಗೆದಾಗ ಈ ಕಲ್ಲು ಒದ್ದೆಯಾಗಿ ಮೆತ್ತಗಿರುತ್ತದೆ, ಗರಗಸದಿಂದ ಕೊಯ್ಯಬಹುದು. ಒಣಗುತ್ತಾ ಮೇಲ್ಮೈ ಗಟ್ಟಿಯಾಗುತ್ತದೆ. ಇದು ಪದರ ಪದರವಾಗಿ ಸಮುದ್ರತಳದಲ್ಲಿ ಕೂತ ಕಲ್ಲು. ನೆಲದಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೆಯೇ ಮಲಗಿಸಬೇಕು. ಅವಸರದ ಕೆಲಸಗಾರ ಪದರವನ್ನು ನಿಲ್ಲಿಸಿ ಕಟ್ಟಿದ್ದರೆ ಮಳೆ ಮತ್ತು ಹಿಮಕ್ಕೆ ಅದು ಹಳೆಯ ಪುಸ್ತಕದ ಹಾಳೆಗಳಂತೆ ಒಂದೊಂದಾಗಿ ಕಳಚುತ್ತದೆ. ನಿಮ್ಮ ಬೀದಿಯಲ್ಲೇ ಅಂಥ ಕಲ್ಲುಗಳು ಸಿಗುತ್ತವೆ, ಹುಡುಕಿ. ಮುಂಭಾಗದ ನಯಗಲ್ಲು ಇಡೀ ಗೋಡೆಯ ದಪ್ಪಕ್ಕೆ ಇರುವುದಿಲ್ಲ. ಅದು ಮೇಲಿನ ಒಂದು ತೆಳು ಹೊದಿಕೆ. ಅದರ ಹಿಂದೆ ಕಾಡುಗಲ್ಲು ಮತ್ತು ಸುಣ್ಣದ ಗಾರೆ. ಈ ಮಾತು ನೆನಪಿರಲಿ, ತೇವದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ನಿಮ್ಮ ಮುಚ್ಚಿದ ಕಿಟಕಿಗಳು. ಕಿಟಕಿ ತೆರಿಗೆ ಇದ್ದದ್ದು ನಿಜ: 1696ರಲ್ಲಿ ಬಂತು, 1851ರಲ್ಲಿ ಹೋಯಿತು. ಮೊದಲು ಹತ್ತಕ್ಕಿಂತ ಹೆಚ್ಚು ಕಿಟಕಿ ಇದ್ದವರಿಗೆ ಹೊರೆ ಬೀಳುತ್ತಿತ್ತು, 1766ರಲ್ಲಿ ಏಳು ಕಿಟಕಿಯ ಮನೆಗಳಿಗೂ ಇಳಿಯಿತು. ಬಡವರು ಬೆಳಕು ಮುಚ್ಚಿಕೊಂಡು ಬದುಕಿದ್ದೂ ನಿಜ. ಆದರೆ ಸಾಲುಮನೆಯ ಪಕ್ಕದ ಗೋಡೆಯಲ್ಲಿ ಕಾಣುವ ಪ್ರತಿ ಕುರುಡು ಕಿಟಕಿಗೂ ತೆರಿಗೆಯನ್ನೇ ಕಾರಣ ಮಾಡುವುದು ತಪ್ಪು. ನಡುಗೋಡೆಗಳ ಹಾಗೆಯೇ ಈ ಕೊನೆಯ ಗೋಡೆಯ ಹೊಟ್ಟೆಯಲ್ಲೂ ಅಗ್ಗಿಷ್ಟಿಕೆಗಳ ಹೊಗೆಕೊಳವೆಗಳು ಮೇಲಕ್ಕೆ ಹೋಗುತ್ತವೆ. ಕೊಳವೆ ಇರುವಲ್ಲಿ ಕಿಟಕಿ ಇಡಲಾಗದು. ಹಾಗೆಂದು ಬೀದಿಗೆ ಕಾಣುವ ಗೋಡೆಯನ್ನು ಬೋಳಾಗಿ ಬಿಟ್ಟರೆ ಲಯ ಕೆಡುತ್ತದೆ. ಅದಕ್ಕೆ ಕಟ್ಟುವಾಗಲೇ ಕಿಟಕಿಯ ಆಕಾರದ ಗೂಡು ಬಿಟ್ಟು ಕಲ್ಲಿನಿಂದಲೇ ತುಂಬಿಬಿಡುತ್ತಿದ್ದರು.

ನಿಮ್ಮದು ಯಾವುದೆಂದು ನೀವೇ ಪರೀಕ್ಷಿಸಬಹುದು. ಹಗಲಿನ ಓರೆ ಬಿಸಿಲಿನಲ್ಲಿ ಗೂಡಿನ ಒಳಗಿನ ಕಲ್ಲಿನ ವರಸೆಗಳನ್ನು ನೋಡಿ. ಅಕ್ಕಪಕ್ಕದ ಗೋಡೆಯ ವರಸೆಗಳ ಜೊತೆ ಅವು ಸಮನಾಗಿ ಸಾಗಿದ್ದರೆ, ಕಲ್ಲಿನ ಬಣ್ಣ ಮತ್ತು ಉಳಿಯ ಗುರುತು ಒಂದೇ ಆಗಿದ್ದರೆ, ಅದು ಹುಟ್ಟು ಕುರುಡು. ಒಳಗಿನ ಕಲ್ಲು ಬೇರೆಯಾಗಿದ್ದು ಚೌಕಟ್ಟಿನ ಉದ್ದಕ್ಕೆ ನೆಟ್ಟಗೆ ಒಂದು ಸಂದು ಇಳಿದಿದ್ದರೆ, ಮರದ ಹೊಸ್ತಿಲಿನ ಗುರುತು ಉಳಿದಿದ್ದರೆ, ಆಮೇಲೆ ಮುಚ್ಚಿದ್ದು. ಆಗಲೂ ತೆರಿಗೆಯೇ ಕಾರಣ ಎನ್ನುವಂತಿಲ್ಲ. ಒಳಗೆ ಮೆಟ್ಟಿಲು ಬದಲಾಗಿರಬಹುದು, ಪಕ್ಕದಲ್ಲಿ ಶೌಚಾಲಯ ಬಂದಿರಬಹುದು.

ಕಿಟಕಿಯ ಮಾತು ಬಂದ ಮೇಲೆ ಗಾಜಿನ ಬಗ್ಗೆಯೂ ಒಂದೆರಡು ಸಾಲು ಹೇಳದೆ ಮುಂದೆ ಹೋಗಲಾರೆ. ಆಗಿನ ಗಾಜನ್ನು ಊದಿ, ಗಿರ್ರನೆ ತಿರುಗಿಸಿ ದೊಡ್ಡ ತಟ್ಟೆಯಾಗಿ ಹರಡಿ, ಅದರಿಂದ ಸಣ್ಣ ಚೌಕಗಳನ್ನು ಕತ್ತರಿಸುತ್ತಿದ್ದರು. ಗಾಜಿಗೂ 1745ರಿಂದ ಒಂದು ನೂರು ವರ್ಷ ತೂಕದ ಮೇಲೆ ಸುಂಕವಿತ್ತು. ಆ ತೆಳು ಗಾಜಿನ ಮೇಲ್ಮೈ ಸ್ವಲ್ಪ ಅಲೆಅಲೆಯಾಗಿರುತ್ತದೆ, ಎದುರಿನ ಮನೆಯ ಪ್ರತಿಬಿಂಬ ಅದರಲ್ಲಿ ನೀರಿನಲ್ಲಿ ಕಂಡಂತೆ ಅಲುಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಗಾಜು ಅಗ್ಗವಾದಾಗ ಬಹಳ ಮಂದಿ ಸಣ್ಣ ಚೌಕಗಳನ್ನು ಕಿತ್ತು ಹಾಕಿದರು, ಮೊದಲ ಮಹಡಿಯ ಕಿಟಕಿಗಳ ತಳವನ್ನು ಇನ್ನೂ ಕೆಳಕ್ಕೆ ಕೊಯ್ದರು. ರಾಯಲ್ ಕ್ರೆಸೆಂಟ್‌ನ ಒಂದನೆಯ ನಂಬರಿನ ಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಕಿಟಕಿಗಳನ್ನು ಮೊದಲಿನ ಅಳತೆಗೆ ತಂದಿದ್ದಾರೆ. ಅದರ ಪಕ್ಕದ ಮನೆಗಳ ಜೊತೆ ಹೋಲಿಸಿದರೆ ವ್ಯತ್ಯಾಸ ಒಡನೆ ತಿಳಿಯುತ್ತದೆ. ಮೂವತ್ತು ಮನೆಗಳ ಮುಂಭಾಗ ಒಂದೇ ಎಂದು ನಂಬಿ ನೋಡುವ ಕಣ್ಣಿಗೆ ಈ ತಳದ ಗೆರೆಯ ಏರುಪೇರು ಕಾಣುವುದೇ ಇಲ್ಲ. 1970ರ ದಶಕದಲ್ಲಿ ಅದೇ ಸಾಲಿನ ಒಬ್ಬ ನಿವಾಸಿ ತಮ್ಮ ಬಾಗಿಲಿಗೆ ಹಳದಿ ಬಣ್ಣ ಹಚ್ಚಿಸಿದಾಗ ನಗರಾಡಳಿತ ಅದನ್ನು ಬಿಳಿಗೆ ತಿರುಗಿಸಿ ಎಂದು ಪಟ್ಟು ಹಿಡಿಯಿತು, ಕೊನೆಗೆ ಸಚಿವರ ಮಟ್ಟದಲ್ಲಿ ಹಳದಿ ಬಾಗಿಲೇ ಗೆದ್ದಿತು. ಬೀದಿಗೆ ಸೇರಿದ ಗೋಡೆಯಲ್ಲಿ ಮನೆಯವರ ಹಕ್ಕು ಎಷ್ಟು ಎಂಬ ಪ್ರಶ್ನೆ ಇಂದಿಗೂ ಜೀವಂತವಾಗಿದೆ.

ಇನ್ನು ನಿಮ್ಮ ತೇವದ ಗೋಡೆಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನೀವು ಇರುವುದು ನೆಲಮಾಳಿಗೆ ಎಂದು ಬರೆದಿದ್ದೀರಿ. ಮುಂದಿನ ಕಡೆಯಿಂದ ಅದು ಬೀದಿಗಿಂತ ಕೆಳಗಿದೆ. ಆದರೆ ಹಿಂದಿನ ಬಾಗಿಲು ತೆರೆದರೆ ನೇರ ಹಿತ್ತಿಲಿಗೇ ಕಾಲಿಡುತ್ತೀರಿ, ಅಲ್ಲವೇ? ಏಕೆಂದರೆ ಇಲ್ಲಿ ಬಹಳ ಕಡೆ ನೆಲವನ್ನು ಆಳಕ್ಕೆ ಅಗೆಯಲೇ ಇಲ್ಲ. ಮನೆಯನ್ನು ಮೂಲ ನೆಲದ ಮೇಲೆ ಎಬ್ಬಿಸಿ, ಅದರ ಮುಂದೆ ಕಮಾನು ಗೂಡುಗಳನ್ನು ಕಟ್ಟಿ, ಆ ಗೂಡುಗಳ ಮೇಲೆ ಬೀದಿಯನ್ನು ಹಾಸಿದರು. ಎತ್ತರಕ್ಕೆ ಹೋದದ್ದು ಬೀದಿ. ಪಾದಚಾರಿ ಹಾದಿಯಲ್ಲಿ ದುಂಡನೆಯ ಕಬ್ಬಿಣದ ಮುಚ್ಚಳ ಕಂಡರೆ ಅದರ ಕೆಳಗೆ ಅಂಥ ಒಂದು ಗೂಡಿದೆ: ಮೇಲಿನಿಂದ ಕಲ್ಲಿದ್ದಲು ಸುರಿಯುತ್ತಿದ್ದರು, ಆಳುಗಳು ಕೆಳಗಿನಿಂದ ತೆಗೆದುಕೊಳ್ಳುತ್ತಿದ್ದರು. ಗೂಡಿಗೂ ಮನೆಗೂ ನಡುವೆ ತೆರೆದ ಇಕ್ಕಟ್ಟಾದ ಅಂಗಳ. ಈ ಅಂಗಳವೇ ನಿಮ್ಮ ಮುಂಗೋಡೆಯನ್ನು ಬೀದಿಯ ಮಣ್ಣಿನಿಂದ ದೂರ ಇಟ್ಟು ಒಣಗಿಸುತ್ತಿದ್ದ ಗಾಳಿಯ ಓಣಿ.

ಕಟ್ಟಿದವರಿಗೆ ತೇವ ಬರುತ್ತದೆಂದು ಚೆನ್ನಾಗಿ ಗೊತ್ತಿತ್ತು. ಅವರು ಅದನ್ನು ತಡೆಯಲು ಹೋಗಲಿಲ್ಲ, ಹೊರಹೋಗಲು ದಾರಿ ಮಾಡಿಟ್ಟರು. ಸುಣ್ಣದ ಗಾರೆ ನೀರನ್ನು ಹೀರಿಕೊಂಡು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಅಡುಗೆಮನೆಯ ಒಲೆ ದಿನವಿಡೀ ಉರಿಯುತ್ತಿತ್ತು; ಅದರ ಹೊಗೆಕೊಳವೆ ಕೋಣೆಯ ಹಸಿಗಾಳಿಯನ್ನು ಐದು ಅಂತಸ್ತು ಮೇಲಕ್ಕೆ ಎಳೆದುಕೊಂಡು ಹೋಗುತ್ತಿತ್ತು. ನೆಲಕ್ಕೆ ಹಾಸಿದ ಕಲ್ಲುಚಪ್ಪಡಿಗಳ ಸಂದುಗಳಲ್ಲೂ ತೇವ ಆಡುತ್ತಿತ್ತು.

ಇಪ್ಪತ್ತನೆಯ ಶತಮಾನ ಈ ದಾರಿಗಳನ್ನು ಒಂದೊಂದಾಗಿ ಮುಚ್ಚಿತು. ಹೊಗೆಕೊಳವೆಗೆ ಹಲಗೆ ಬಿತ್ತು. ನೆಲಕ್ಕೆ ಕಾಂಕ್ರೀಟು ಮತ್ತು ಪ್ಲಾಸ್ಟಿಕ್ ಹಾಳೆ ಬಂದವು, ಅಲ್ಲಿಂದ ತಪ್ಪಿಸಿಕೊಂಡ ನೀರು ಗೋಡೆಯ ಬುಡಕ್ಕೆ ಸರಿಯಿತು. ಒಳಗಿನ ಸುಣ್ಣ ಕೆದಕಿ ಸಿಮೆಂಟು ಮೆತ್ತಿದರು. ಹೊರಗಿನ ಕಲ್ಲಿನ ಸಂದುಗಳಿಗೂ ಸಿಮೆಂಟು ತುಂಬಿದರು. ಸಿಮೆಂಟು ಆ ಮೆತ್ತನೆಯ ಕಲ್ಲಿಗಿಂತ ಗಟ್ಟಿ, ನೀರನ್ನು ಬಿಡುವುದಿಲ್ಲ. ಸಂದಿನ ಮೂಲಕ ಹೋಗಬೇಕಾದ ತೇವ ಕಲ್ಲಿನ ಮೂಲಕವೇ ಹೋಗುತ್ತದೆ, ಜೊತೆಗೆ ಲವಣವನ್ನೂ ಹೊತ್ತೊಯ್ಯುತ್ತದೆ, ಕಲ್ಲು ಪುಡಿಯಾಗುತ್ತದೆ, ಸಿಮೆಂಟಿನ ಗೆರೆ ಮಾತ್ರ ಎದ್ದು ನಿಲ್ಲುತ್ತದೆ. ನೂರಾರು ವರ್ಷ ಬಾಳಿದ ಗೋಡೆಯನ್ನು ಇಪ್ಪತ್ತು ವರ್ಷಗಳಲ್ಲಿ ತಿಂದುಹಾಕಿದ ಇಂಥ ದುರಸ್ತಿಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಈಗ ನಿಮ್ಮ ಮಾಲೀಕರು ಹೇಳುವ ಬಣ್ಣವೂ ಅದೇ ಜಾತಿಯದು. ಬಳಿದ ಮೊದಲ ವರ್ಷ ಗೋಡೆ ಹೊಸದರಂತೆ ಕಾಣುತ್ತದೆ. ಎರಡನೆಯ ಚಳಿಗಾಲಕ್ಕೆ ಬಣ್ಣ ಗುಳ್ಳೆ ಎದ್ದು ಸಿಪ್ಪೆ ಸುಲಿಯುತ್ತದೆ, ಅಥವಾ ತೇವ ಇನ್ನೊಂದು ಅಡಿ ಮೇಲಕ್ಕೇರಿ ಬಣ್ಣವಿಲ್ಲದ ಕಡೆ ಮೂಡುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಕಪ್ಪು ಎಲ್ಲಿದೆ ನೋಡಿ. ಕಪಾಟಿನ ಹಿಂದೆ, ಮೂಲೆಗಳಲ್ಲಿ, ಕಿಟಕಿಯ ಸುತ್ತ ಚುಕ್ಕೆ ಚುಕ್ಕೆಯಾಗಿ ಬೂಷ್ಟು ಹಿಡಿದಿದ್ದರೆ ಅದು ಬಹುತೇಕ ಮನೆಯೊಳಗಿನ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾದದ್ದು. ನಮ್ಮ ಅಡುಗೆಯಲ್ಲಿ ಅನ್ನ, ಸಾರು, ಇಡ್ಲಿ ಎಲ್ಲವೂ ಹಬೆಯ ಕೆಲಸ. ಒಗೆದ ಬಟ್ಟೆಯನ್ನೂ ಒಳಗೇ ಒಣಹಾಕಿದರೆ ಗೋಡೆ ತಡೆಯಲಾರದು. ಪಾತ್ರೆಗೆ ಮುಚ್ಚಳ ಹಾಕಿ, ಅಡುಗೆಯ ಹೊತ್ತಿನಲ್ಲಿ ಮತ್ತು ಅದರ ನಂತರ ಅರ್ಧ ಗಂಟೆ ಹಿಂದಿನ ಕಿಟಕಿ ತೆರೆದಿಡಿ, ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿ, ಮುಚ್ಚಿದ ಅಗ್ಗಿಷ್ಟಿಕೆಯ ಹಲಗೆಗೆ ಒಂದು ಗಾಳಿಜಾಲರಿ ಹಾಕಿಸಲು ಮಾಲೀಕರನ್ನು ಕೇಳಿ. ದಿನಕ್ಕೆ ಎರಡು ಬಾರಿ ಜೋರಾಗಿ ಬಿಸಿ ಮಾಡುವುದಕ್ಕಿಂತ ದಿನವಿಡೀ ಸಣ್ಣಗೆ ಬಿಸಿ ಇರುವುದು ಕಲ್ಲಿನ ಮನೆಗೆ ಒಳ್ಳೆಯದು.

ಗೋಡೆಯ ಬುಡದಲ್ಲಿ ಬಿಳಿ ಲವಣ ಪುಡಿಯಾಗಿ ಉದುರುತ್ತಿದ್ದರೆ, ಅಥವಾ ಒಂದೇ ಕಡೆ ದೊಡ್ಡ ಕಲೆ ಇದ್ದು ಮಳೆಯ ಮರುದಿನ ಹರಡಿದರೆ, ನೀರು ಹೊರಗಿನಿಂದ ಬರುತ್ತಿದೆ. ಮುಂದಿನ ಅಂಗಳಕ್ಕೆ ಇಳಿದು ನೋಡಿ: ಅಲ್ಲಿನ ಮೋರಿ ಕಟ್ಟಿದೆಯೇ? ಯಾರಾದರೂ ಹಳೆಯ ಹಾಸಿನ ಮೇಲೆ ಹೊಸ ಕಾಂಕ್ರೀಟು ಹಾಕಿ ಅಂಗಳದ ನೆಲವನ್ನು ನಿಮ್ಮ ಒಳನೆಲಕ್ಕಿಂತ ಎತ್ತರ ಮಾಡಿದ್ದಾರೆಯೇ? ಆಮೇಲೆ ತಲೆ ಎತ್ತಿ ಚಾವಣಿ ನೋಡಿ. ಬೀದಿಗೆ ಇಳಿಜಾರು ಕಾಣಬಾರದೆಂದು ಇಲ್ಲಿ ಮೋಟುಗೋಡೆಯ ಹಿಂದೆ ಎರಡು ಇಳಿಜಾರುಗಳನ್ನು ಜೋಡಿಸಿದ್ದಾರೆ. ಅವುಗಳ ನಡುವಿನ ಕಣಿವೆಯ ನೀರನ್ನು ಕೆಲವು ಮನೆಗಳಲ್ಲಿ ಸೀಸದ ತಗಡು ಹೊದಿಸಿದ ಮರದ ದೋಣಿಯೊಂದು ಅಟ್ಟದ ಮೂಲಕವೇ ಹಿಂದಕ್ಕೆ ಸಾಗಿಸುತ್ತದೆ. ಒಂದು ಪಾರಿವಾಳದ ಗೂಡು ಅಲ್ಲಿ ಸಿಕ್ಕಿಕೊಂಡರೆ ಸಾಕು, ನೀರು ಐದು ಅಂತಸ್ತಿನ ಗೋಡೆಯೊಳಗೆ ಇಳಿದು ನಿಮ್ಮ ಹಾಸಿಗೆಯ ಪಕ್ಕ ಬಂದು ಕೂರುತ್ತದೆ. ವರ್ಷಕ್ಕೆ ಎರಡು ಸಲ ಆ ದೋಣಿಗಳನ್ನೂ ಇಳಿಕೊಳವೆಗಳನ್ನೂ ಶುಚಿಮಾಡಿಸುವ ಖರ್ಚು ಬಣ್ಣದ ಖರ್ಚಿಗಿಂತ ಕಡಿಮೆ ಎಂದು ಮಾಲೀಕರಿಗೆ ಹೇಳಿ. ಇಷ್ಟೆಲ್ಲ ಸರಿಯಾದ ಮೇಲೆ ಸಿಮೆಂಟು ತೆಗೆಸಿ ಸುಣ್ಣದ ಗಾರೆ ಮಾಡಿಸಿ, ಮೇಲೆ ಬರಿಯ ಸುಣ್ಣ ಬಳಿಯಬೇಕು. ನಮ್ಮ ಅಜ್ಜಿಯರ ಮನೆಗಳ ಗೋಡೆಗೆ ಯುಗಾದಿಗೆ ಬಳಿಯುತ್ತಿದ್ದದ್ದೇ ಅದು.

ಒಂದು ಎಚ್ಚರಿಕೆ. ಬಾತ್‌ನಲ್ಲಿ ಸುಮಾರು ಐದು ಸಾವಿರ ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ, ನಗರವೇ 1987ರಿಂದ ವಿಶ್ವ ಪರಂಪರೆಯ ತಾಣ. ನಿಮ್ಮ ಮನೆ ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ ಎಂದುಕೊಂಡು ಮುಂದುವರಿಯಿರಿ. ಪಟ್ಟಿಯ ರಕ್ಷಣೆ ಮುಂಭಾಗಕ್ಕಷ್ಟೇ ಅಲ್ಲ, ಒಳಗಿನ ಗಾರೆಗೂ ಅಗ್ಗಿಷ್ಟಿಕೆಗೂ ಬಾಗಿಲಿಗೂ ಸೇರುತ್ತದೆ. ಅನುಮತಿಯಿಲ್ಲದೆ ಸ್ವರೂಪ ಬದಲಿಸುವುದು ಅಪರಾಧ. ಆದ್ದರಿಂದ ಗಾರೆ ಕೆದಕುವ ಮುನ್ನ ಮಾಲೀಕರು ನಗರಸಭೆಯ ಸಂರಕ್ಷಣಾ ಅಧಿಕಾರಿಯ ಜೊತೆ ಮಾತನಾಡಲಿ.

ನಿಮಗೆ ಒಂದು ಬಿಡುವಿನ ಮಧ್ಯಾಹ್ನವಿದ್ದರೆ ಎರಡು ಕಡೆ ಹೋಗಿಬನ್ನಿ. ಒಂದು, ನ್ಯೂ ಕಿಂಗ್ ಸ್ಟ್ರೀಟ್‌ನ 19ನೆಯ ನಂಬರಿನ ಮನೆ. ದೊಡ್ಡವರ ಮನೆಯಲ್ಲ, ನಿಮ್ಮದರಂಥದೇ ಸಾಧಾರಣ ಸಾಲುಮನೆ. 1781ರ ಮಾರ್ಚ್ 13ರ ರಾತ್ರಿ ಅದರ ಹಿತ್ತಿಲಿನಲ್ಲಿ ನಿಂತು ವಿಲಿಯಂ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡ. ಅದೇ ವರ್ಷ ಅವನೂ ತಂಗಿ ಕ್ಯಾರೊಲಿನ್ ಕೂಡ ನೆಲಮಾಳಿಗೆಯ ಕಾರ್ಯಾಗಾರದಲ್ಲಿ ದೂರದರ್ಶಕದ ದೊಡ್ಡ ಕನ್ನಡಿಯನ್ನು ಎರಕ ಹೊಯ್ಯಲು ಹೋದಾಗ ಕಾದ ಲೋಹ ಚೆಲ್ಲಿ ನೆಲದ ಚಪ್ಪಡಿಗಳು ಸಿಡಿದವು. ಬಿರಿದ ಕಲ್ಲುಗಳನ್ನು ಈಗಲೂ ನೋಡಬಹುದು. ಬೀದಿಯ ಕಡೆ ಆ ಮನೆ ಅಕ್ಕಪಕ್ಕದವುಗಳಂತೆಯೇ ಸುಮ್ಮನೆ ನಿಂತಿದೆ.

ಇನ್ನೊಂದು, ಸರ್ಕಸ್‌ನ ಹಿಂದೆ ಹಾದುಹೋಗುವ ಗ್ರ್ಯಾವೆಲ್ ವಾಕ್ ಎಂಬ ಕಾಲುದಾರಿ. ಅಲ್ಲಿಂದ ನಾಲ್ಕನೆಯ ನಂಬರಿನ ಮನೆಯ ಹಿತ್ತಿಲಿಗೆ ಸಾರ್ವಜನಿಕರಿಗೆ ಪ್ರವೇಶವಿದೆ. 1980ರ ದಶಕದಲ್ಲಿ ಪುರಾತತ್ತ್ವಜ್ಞರು ಅಲ್ಲಿ ಅಗೆದು ಹದಿನೆಂಟನೆಯ ಶತಮಾನದ ತೋಟದ ವಿನ್ಯಾಸವನ್ನು ಕಂಡುಹಿಡಿದು ಮತ್ತೆ ಹಾಗೆಯೇ ರೂಪಿಸಿದ್ದಾರೆ. ಹುಲ್ಲು ಇಲ್ಲ, ಗರಸು ಹಾಸಿದ ಅಂಗಳದಲ್ಲಿ ಹೂವಿನ ಪಾತಿಗಳು. ಅಲ್ಲಿ ನಿಂತು ಸರ್ಕಸ್‌ನ ಬೆನ್ನನ್ನು ನೋಡಿ. ಆ ಗೋಡೆಗಳ ಹೊರಚಾಚುಗಳನ್ನು, ಕೊಳವೆಗಳನ್ನು, ಒಂದಕ್ಕೊಂದು ಹೊಂದದ ಕಿಟಕಿಗಳನ್ನು ಎಣಿಸಿ, ಆಮೇಲೆ ಮನೆಗೆ ಬಂದು ನಿಮ್ಮ ಹಿಂದಿನ ಬಾಗಿಲು ತೆರೆದು ಮತ್ತೊಮ್ಮೆ ನೋಡಿ. ಗೋಡೆಯ ಕಪ್ಪು ಎಲ್ಲೆಲ್ಲಿದೆ ಎಂದು ಒಂದು ಕಚ್ಚಾ ನಕ್ಷೆ ಬರೆದು, ಮಳೆಯ ಮರುದಿನದ ಎರಡು ಚಿತ್ರಗಳೊಂದಿಗೆ ಕಳುಹಿಸಿದರೆ ಇನ್ನೂ ಖಚಿತವಾಗಿ ಹೇಳಬಲ್ಲೆ.